ತೀರ್ಪಿನ ಕೊನೆ: ಮೇಲ್ಮನವಿಯ ಮಿತಿ ಮತ್ತು ಧರ್ಮದ ಪ್ರಶ್ನೆ

ಸಿವಿಲ್ ಹಕ್ಕಿಗೆ ಧಕ್ಕೆ ಬಂದವನು ದಾವೆ ಹೂಡಲು ಯಾವ ಕಾಯಿದೆಯ ಅಪ್ಪಣೆಗೂ ಕಾಯಬೇಕಿಲ್ಲ, ಕಾಯಿದೆ ಅಡ್ಡ ಬರದಿದ್ದರೆ ಸಾಕು. ಸೋತ ಮೇಲೆ ಮೇಲಿನ ಕೋರ್ಟಿಗೆ ಹೋಗುವುದು ಹಾಗಲ್ಲ. ಅದಕ್ಕೆ ಕಾಯಿದೆಯೇ ದಾರಿ ಮಾಡಿಕೊಟ್ಟಿರಬೇಕು. ಗಂಗಾಬಾಯಿ ವಿರುದ್ಧ ವಿಜಯಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಗುರುತಿಸಿತು. ದಾವೆಯ ಹಕ್ಕು ಸಹಜವಾದದ್ದು, ಮೇಲ್ಮನವಿಯ ಹಕ್ಕು ಶಾಸನದಿಂದ ಹುಟ್ಟಿದ್ದು. ಹಾಗಾಗಿ ಡಿಕ್ರಿ ತನ್ನ ವಿರುದ್ಧ ಆಗಿಲ್ಲದವನು, ತೀರ್ಪಿನೊಳಗಿನ ಒಂದು ಅಭಿಪ್ರಾಯ ಮಾತ್ರ ತನಗೆ ಪ್ರತಿಕೂಲ ಎಂಬ ಕಾರಣಕ್ಕೆ ಮೇಲ್ಮನವಿ ಸಲ್ಲಿಸಲಾರ.

ಶಾಸನ ಕೊಟ್ಟದ್ದನ್ನು ಶಾಸನ ಮೊಟಕುಗೊಳಿಸಬಹುದು. ಕಾನೂನಿನ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯುತ್ತದೆ. ಧರ್ಮದ ಮಟ್ಟಿಗೆ ಮುಗಿಯುವುದಿಲ್ಲ. ನ್ಯಾಯಾಧೀಶನೂ ಮನುಷ್ಯ, ಅವನೂ ತಪ್ಪುತ್ತಾನೆ ಎಂದು ಒಪ್ಪಿಕೊಂಡೇ ಮೇಲ್ಮನವಿಯ ವ್ಯವಸ್ಥೆ ಹುಟ್ಟಿದೆ. ಹಾಗೆ ಒಪ್ಪಿಕೊಂಡ ವ್ಯವಸ್ಥೆಯೇ ಒಂದು ಹಂತದಲ್ಲಿ, ಇನ್ನು ಮುಂದೆ ತಪ್ಪಿದ್ದರೂ ಕೇಳುವುದಿಲ್ಲ ಎನ್ನುತ್ತದೆ. ತಪ್ಪಿರಬಹುದೆಂದು ಗೊತ್ತಿದ್ದೂ ಒಂದು ತೀರ್ಪನ್ನು ಅಂತಿಮವೆಂದು ನಿಲ್ಲಿಸುವುದು ನ್ಯಾಯವೇ? ಈ ಪ್ರಶ್ನೆ ಸಿವಿಲ್ ಪ್ರಕ್ರಿಯಾ ಸಂಹಿತೆಗಿಂತ ಬಹಳ ಹಳೆಯದು.

ಧರ್ಮಶಾಸ್ತ್ರಗಳಲ್ಲಿ ಇದಕ್ಕೆ ಎರಡು ದನಿಯ ಉತ್ತರವಿದೆ. ಧರ್ಮಾನುಸಾರ ತೀರ್ಮಾನವಾದದ್ದನ್ನು ಮತ್ತೆ ತಿರುಗಿಸಬಾರದು ಎನ್ನುತ್ತದೆ ಮನುಸ್ಮೃತಿ. ಅದರ ಬೆನ್ನಿಗೇ, ಅಮಾತ್ಯರೋ ಪ್ರಾಡ್ವಿವಾಕನೋ (ನ್ಯಾಯಾಧೀಶನೋ) ತಪ್ಪು ತೀರ್ಮಾನ ಕೊಟ್ಟಿದ್ದರೆ ರಾಜನೇ ಅದನ್ನು ಸರಿಪಡಿಸಿ ಅವರಿಗೆ ಸಾವಿರ ಪಣ ದಂಡ ಹಾಕಬೇಕು ಎನ್ನುತ್ತದೆ. ನ್ಯಾಯಸಭೆಯಲ್ಲಿ ಅಧರ್ಮ ನಡೆದರೆ ಅದರ ಪಾಪ ನಾಲ್ಕು ಪಾಲಾಗುತ್ತದೆ ಎಂಬುದು ಅದೇ ಗ್ರಂಥದ ಮಾತು: ಒಂದು ಪಾಲು ತಪ್ಪು ಮಾಡಿದವನಿಗೆ, ಒಂದು ಸಾಕ್ಷಿಗೆ, ಒಂದು ಸಭಾಸದರಿಗೆ, ಇನ್ನೊಂದು ರಾಜನಿಗೆ. ಇಲ್ಲಿ ಮರುವಿಚಾರಣೆ ಸೋತವನಿಗೆ ತೋರುವ ಕರುಣೆಯಷ್ಟೇ ಅಲ್ಲ. ತೀರ್ಪು ಕೊಟ್ಟವರು ತಮ್ಮ ತಲೆಯ ಮೇಲಿನ ಪಾಪ ಕಳೆದುಕೊಳ್ಳುವ ದಾರಿಯೂ ಹೌದು. ಇಂದಿನ ಕಾನೂನು ಪುಸ್ತಕಗಳಲ್ಲಿ ಮೇಲ್ಮನವಿ ಎಂಬುದು ಕಕ್ಷಿದಾರನ ಅನುಕೂಲವಾಗಿ ಮಾತ್ರ ಕಾಣುತ್ತದೆ. ಸ್ಮೃತಿಕಾರರ ಕಣ್ಣಿಗೆ ಅದು ನ್ಯಾಯಪೀಠದ ಅಗತ್ಯವೂ ಆಗಿತ್ತು.

ಮೇಲ್ಮನವಿಯ ಮೆಟ್ಟಿಲುಗಳನ್ನು ಕ್ರಮವಾಗಿ ಜೋಡಿಸಿದವರು ನಾರದ ಮತ್ತು ಯಾಜ್ಞವಲ್ಕ್ಯರು. ಕುಲ, ಶ್ರೇಣಿ, ಪೂಗ ಅಥವಾ ಗಣ, ರಾಜನು ನೇಮಿಸಿದ ಅಧಿಕಾರಿ, ಕೊನೆಗೆ ರಾಜ. ಇವುಗಳಲ್ಲಿ ಮೇಲಿನದ್ದು ಕೆಳಗಿನದ್ದಕ್ಕಿಂತ ಹೆಚ್ಚು ತೂಕದ್ದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126), ಇಂದಿನ ಬಸವಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಈ ಕ್ರಮವನ್ನು ಬಿಡಿಸಿ ಹೇಳುತ್ತಾನೆ. ಶ್ರೇಣಿಯೆಂದರೆ ಒಂದೇ ಕಸುಬಿನವರ ಕೂಟ, ಅಂದರೆ ವೀಳ್ಯದೆಲೆ ಮಾರುವವರು, ನೇಕಾರರು, ಚರ್ಮದ ಕೆಲಸದವರು ಇಂಥವರದು. ಪೂಗವೆಂದರೆ ಬೇರೆ ಬೇರೆ ಜಾತಿ, ಬೇರೆ ಬೇರೆ ವೃತ್ತಿಯ ಒಂದೇ ಊರಿನವರು. ಕುಲದವರು ತೀರ್ಮಾನಿಸಿದ್ದರಲ್ಲಿ ಅತೃಪ್ತಿ ಉಳಿದರೆ ವ್ಯಾಜ್ಯ ಶ್ರೇಣಿಗೆ ಹೋಗಬಹುದು, ಶ್ರೇಣಿಯದು ಪೂಗಕ್ಕೆ ಹೋಗಬಹುದು. ಮೇಲಿನವರು ತೀರ್ಮಾನಿಸಿದ್ದು ಕೆಳಗಿನವರ ಮುಂದೆ ಮತ್ತೆ ಬರಲಾರದು.

ಈ ಏಣಿಯನ್ನು ಹತ್ತುವವನಿಗೆ ಬೆಲೆಯೂ ಇತ್ತು. ನ್ಯಾಯವಾಗಿ ಸೋತಿದ್ದರೂ ಸೋತಿಲ್ಲವೆಂದು ಹಟ ಹಿಡಿದು ಮತ್ತೆ ಬಂದವನನ್ನು ಮತ್ತೆ ಸೋಲಿಸಿ ಇಮ್ಮಡಿ ದಂಡ ತೆರಿಸಬೇಕು ಎನ್ನುತ್ತಾನೆ ಯಾಜ್ಞವಲ್ಕ್ಯ. ಆದರೆ ಅವನ ದಂಡ ಒಂದೇ ಕಡೆಗೆ ವಾಲುವುದಿಲ್ಲ. ಮರುವಿಚಾರಣೆಯಲ್ಲಿ ಮೊದಲಿನ ತೀರ್ಪೇ ತಪ್ಪೆಂದು ಕಂಡರೆ, ಅದನ್ನು ಕೊಟ್ಟ ಸಭ್ಯರೂ (ನ್ಯಾಯಸಭೆಯ ಸದಸ್ಯರೂ) ಅದರಿಂದ ಗೆದ್ದವನೂ ವಿವಾದದ ಮೊತ್ತದ ಇಮ್ಮಡಿ ದಂಡ ತೆರಬೇಕು. ಈ ಸಮತೋಲ ಗಮನಾರ್ಹ. ಇಂದು ಮೇಲ್ಮನವಿಯಲ್ಲಿ ಸೋತವನ ಮೇಲೆ ಖರ್ಚು ಬೀಳುತ್ತದೆ. ತಪ್ಪು ತೀರ್ಪು ಕೊಟ್ಟ ನ್ಯಾಯಾಧೀಶನಿಗೆ 1850ರ ನ್ಯಾಯಾಧಿಕಾರಿಗಳ ರಕ್ಷಣಾ ಕಾಯಿದೆಯೂ 1985ರ ನ್ಯಾಯಾಧೀಶರ ರಕ್ಷಣಾ ಕಾಯಿದೆಯೂ ಕವಚವಾಗಿವೆ. ಅಂಜದೆ ತೀರ್ಪು ಕೊಡಬೇಕಾದವನಿಗೆ ಆ ಕವಚ ಬೇಕೇ ಬೇಕು, ಅದನ್ನು ಕಿತ್ತೊಗೆಯಬೇಕೆಂದು ಯಾರೂ ಹೇಳಲಾರರು. ಆದರೂ ತಪ್ಪಿನ ಭಾರ ಪೂರ್ತಿಯಾಗಿ ಕಕ್ಷಿದಾರನ ಹೆಗಲಿಗೆ ದಾಟಿದೆ ಎಂಬುದನ್ನು ಮರೆಯುವಂತಿಲ್ಲ.

ನಾರದಸ್ಮೃತಿ ಇನ್ನೂ ಸೂಕ್ಷ್ಮವಾದ ಒಂದು ಗೆರೆ ಎಳೆಯುತ್ತದೆ. ಸಾಕ್ಷಿಗಳಿಂದಲೋ ಸಭ್ಯರಿಂದಲೋ ಸೋತವನು ಅವರ ದೋಷವನ್ನು ತೋರಿಸಿದರೆ ಮರುವಿಚಾರಣೆ ಉಂಟು. ತನ್ನ ಮಾತು, ತನ್ನ ನಡತೆಯಿಂದಲೇ ಸೋತವನಿಗೆ ಇಲ್ಲ. ಇಂದಿನ ಸಂಹಿತೆಯ 96ನೇ ಕಲಮಿನ ಮೂರನೇ ಉಪಕಲಮು ಬಹುಮಟ್ಟಿಗೆ ಇದೇ ನೆಲದ ಮೇಲೆ ನಿಂತಿದೆ. ಉಭಯ ಪಕ್ಷಗಳು ಒಪ್ಪಿ ಪಡೆದ ರಾಜಿ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲ. ಮೇಲ್ಮನವಿಗೆ ಹಾಕಿದ ಎಲ್ಲ ಮಿತಿಗಳಲ್ಲಿ ತಕರಾರಿಗೆ ಎಡೆಯೇ ಇಲ್ಲದ್ದು ಬಹುಶಃ ಇದೊಂದೇ.

ಬೌದ್ಧ ವಿನಯಪಿಟಕ ಶಾಂತಿಯ ಕಡೆಗೆ ಹೆಚ್ಚು ವಾಲುತ್ತದೆ. ಸಂಘ ನಿಯಮದಂತೆ ಇತ್ಯರ್ಥಪಡಿಸಿದ ವಿವಾದವನ್ನು ಬೇಕೆಂದೇ ಕೆದಕುವ ಭಿಕ್ಷು ಪಾಚಿತ್ತಿಯ ಎಂಬ, ತಪ್ಪೊಪ್ಪಿಗೆಯಿಂದ ಕಳೆಯುವ ದೋಷಕ್ಕೆ ಗುರಿಯಾಗುತ್ತಾನೆ. ವಿವಾದ ಶಮನದ ಏಳು ವಿಧಾನಗಳಲ್ಲಿ ಒಂದರ ಹೆಸರೇ ಹುಲ್ಲು ಹೊದಿಸುವುದು. ಕೆದಕಿದಷ್ಟೂ ಸಂಘ ಒಡೆಯುತ್ತದೆ ಎಂದಾಗ, ಹೇಸಿಗೆಯ ಮೇಲೆ ಹುಲ್ಲು ಹರಡಿದಂತೆ, ಯಾರು ಸರಿ ಯಾರು ತಪ್ಪು ಎಂದು ಬಿಡಿಬಿಡಿಯಾಗಿ ನೋಡದೆ ಇಡೀ ಜಗಳವನ್ನು ಮುಚ್ಚಿಬಿಡುವುದು. ಗಂಭೀರ ಅಪರಾಧಗಳಿಗೆ ಈ ವಿಧಾನ ಸಲ್ಲದು. ಸತ್ಯವನ್ನು ಶಾಂತಿಗೆ ಒತ್ತೆ ಇಡುವುದನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ನ್ಯಾಯಪದ್ಧತಿ ಅಪರೂಪ. ಆದರೆ ಆಸ್ತಿಪಾಸ್ತಿ ಇಲ್ಲದ ಸನ್ಯಾಸಿಗಳ ಕೂಟಕ್ಕೆ ಒಪ್ಪುವುದು, ಎರಡೆಕರೆಯೇ ಬದುಕಾಗಿರುವ ಸಂಸಾರಸ್ಥನಿಗೆ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಪ್ರಶ್ನೆಯ ತಾತ್ವಿಕ ಗಂಟು ಇರುವುದು ಬೇರೆ ಕಡೆ. ಕೆಳಗಿನ ನ್ಯಾಯಾಧೀಶ ತಪ್ಪಬಹುದಾದರೆ ಮೇಲಿನವನೂ ತಪ್ಪಬಹುದು. ಅವನನ್ನು ಪರೀಕ್ಷಿಸಲು ಇನ್ನೊಬ್ಬ ಬೇಕು, ಅವನಿಗೆ ಮತ್ತೊಬ್ಬ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನವಸ್ಥಾ ದೋಷ ಎನ್ನುತ್ತಾರೆ. ಕಾಲೆಲ್ಲಿ ಊರಿದರೂ ನೆಲ ಸಿಗದ ಸ್ಥಿತಿ ಅದು. ಏಳನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ಶ್ಲೋಕವಾರ್ತಿಕದಲ್ಲಿ ಕೋರ್ಟಿನ ಬಗ್ಗೆ ಬರೆಯುತ್ತಿರಲಿಲ್ಲ, ಜ್ಞಾನದ ಬಗ್ಗೆ ಬರೆಯುತ್ತಿದ್ದ. ಒಂದು ಜ್ಞಾನ ಸರಿಯೆಂದು ತಿಳಿಯಲು ಇನ್ನೊಂದು ಜ್ಞಾನದ ಬೆಂಬಲ ಬೇಕೆಂದರೆ ಕೊನೆಯೇ ಇರುವುದಿಲ್ಲ. ಆದ್ದರಿಂದ ಹುಟ್ಟಿದ ಜ್ಞಾನ ತಾನಾಗಿಯೇ ಪ್ರಮಾಣ. ಅದು ಬೀಳಬೇಕಾದರೆ ಎರಡೇ ಕಾರಣ: ಅದನ್ನು ಹುಟ್ಟಿಸಿದ ಸಾಧನದಲ್ಲೇ ದೋಷ ಕಾಣಬೇಕು, ಇಲ್ಲವೇ ಅದನ್ನು ಬಾಧಿಸುವ ಇನ್ನೊಂದು ಜ್ಞಾನ ಎದುರಾಗಬೇಕು. ಸುಮ್ಮನೆ ‘ತಪ್ಪಿರಬಹುದಲ್ಲ’ ಎಂಬ ಶಂಕೆ ಸಾಲದು. ನಿಜವಾದ ಸಂಶಯ ಎದ್ದ ಕಡೆಯೂ ಮೂರು ನಾಲ್ಕು ಜ್ಞಾನಗಳಿಗಿಂತ ಆಚೆ ಹುಡುಕಬೇಕಾಗಿಲ್ಲ ಎಂದು ಅವನು ಹೇಳುತ್ತಾನೆ. ಭಾರತದಲ್ಲಿ ಒಂದು ಸಿವಿಲ್ ವ್ಯಾಜ್ಯ ಏರಬಹುದಾದ ಮೆಟ್ಟಿಲುಗಳೂ ಸಾಮಾನ್ಯವಾಗಿ ನಾಲ್ಕು. ಇದು ಕಾಕತಾಳೀಯವೇ ಇರಬಹುದು, ಆದರೆ ಕುಮಾರಿಲನ ತರ್ಕ ಮೇಲ್ಮನವಿಯ ಮಿತಿಗೆ ಇರುವ ಅತ್ಯಂತ ಗಟ್ಟಿಯಾದ ಸಮರ್ಥನೆ. ತೀರ್ಪು ನಿಲ್ಲುವುದು ಅದು ತಪ್ಪಲಾರದು ಎಂಬ ಕಾರಣಕ್ಕಲ್ಲ. ಅದನ್ನು ಬೀಳಿಸುವ ಹೊಣೆ ಸಂಶಯಪಡುವವನದು ಎಂಬ ಕಾರಣಕ್ಕೆ.

ಕುಮಾರಿಲನ ಎರಡು ಕಾರಣಗಳನ್ನು ಕೈಯಲ್ಲಿಟ್ಟುಕೊಂಡು ನೋಡಿದರೆ ಹಳೆಯ, ಹೊಸ ನಿಯಮಗಳೆರಡೂ ಒಂದೇ ಎಳೆಗೆ ಸಿಗುತ್ತವೆ. ಬಲಾತ್ಕಾರದಿಂದ, ಕಪಟದಿಂದ ಆದ ತೀರ್ಮಾನ, ರಾತ್ರಿ ಹೊತ್ತು, ಮನೆಯ ಒಳಕೋಣೆಯಲ್ಲಿ, ಊರ ಹೊರಗೆ, ಶತ್ರುಗಳಿಂದ ಆದ ತೀರ್ಮಾನ ನಿಲ್ಲುವುದಿಲ್ಲ ಎಂದು ಯಾಜ್ಞವಲ್ಕ್ಯ ಪಟ್ಟಿ ಕೊಡುತ್ತಾನೆ. ಪಟ್ಟಿಯಲ್ಲಿ ಹೆಂಗಸರು ಕೊಟ್ಟ ತೀರ್ಮಾನವೂ ಸೇರಿದೆ. ಅದು ಆ ಕಾಲದ ಅನ್ಯಾಯ, ದೋಷದ ಲಕ್ಷಣವೇನೂ ಅಲ್ಲ. ಉಳಿದವೆಲ್ಲ ತೀರ್ಪು ಹುಟ್ಟಿದ ಸಾಧನದ ದೋಷಗಳೇ. ಮೋಸದಿಂದ ಪಡೆದ ಡಿಕ್ರಿ ಶೂನ್ಯ, ಅದನ್ನು ಯಾವ ಕೋರ್ಟಿನಲ್ಲಾದರೂ ಪ್ರಶ್ನಿಸಬಹುದು ಎಂದು ಸುಪ್ರೀಂ ಕೋರ್ಟ್ ಚೆಂಗಲ್ವರಾಯ ನಾಯ್ಡು ಪ್ರಕರಣದಲ್ಲಿ ಹೇಳಿದ್ದೂ ಇದೇ ಬಗೆಯ ಮಾತು. ಶ್ರದ್ಧೆಯಿಂದ ಹುಡುಕಿದರೂ ಆಗ ಸಿಗದಿದ್ದ ಹೊಸ ದಾಖಲೆ ಸಿಕ್ಕರೆ ಸಂಹಿತೆಯ 47ನೇ ಆದೇಶದಡಿ ಪುನರ್ವಿಮರ್ಶೆಗೆ ಅವಕಾಶವಿದೆ. ಅದು ಕುಮಾರಿಲನ ಎರಡನೆಯ ಕಾರಣ. ಎಲ್ಲ ಬಾಗಿಲು ಮುಚ್ಚಿದ ಮೇಲೂ 2002ರಲ್ಲಿ ರೂಪಾ ಅಶೋಕ್ ಹುರ್ರಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಕ್ಯುರೇಟಿವ್ ಅರ್ಜಿ ಎಂಬ ಕಿರುಬಾಗಿಲು ತೆರೆಯಿತು. ಅದಕ್ಕೆ ಮುಖ್ಯ ಆಧಾರಗಳು, ಸಹಜ ನ್ಯಾಯದ ಉಲ್ಲಂಘನೆ ಮತ್ತು ನ್ಯಾಯಾಧೀಶರ ಪಕ್ಷಪಾತದ ಶಂಕೆ.

ತೀರ್ಮಾನವಾದ ವ್ಯಾಜ್ಯವನ್ನು ಹೊಸ ದಾವೆಯಾಗಿ ತರಬಾರದೆಂಬ ನಿಯಮದ ಬೇರನ್ನು ಬ್ರಿಟಿಷ್ ನ್ಯಾಯಪೀಠವೇ ಇಲ್ಲಿನ ಸ್ಮೃತಿಗಳಲ್ಲಿ ಗುರುತಿಸಿತು. ಮೊದಲೇ ಸೋತವನು ಮತ್ತೆ ದಾವೆ ತಂದರೆ ‘ನೀನು ಹಿಂದೆಯೇ ಸೋತಿದ್ದೀಯ’ ಎಂದು ಉತ್ತರಿಸುವುದನ್ನು ಸ್ಮೃತಿಗಳು ಪ್ರಾಙ್ನ್ಯಾಯ ಎನ್ನುತ್ತವೆ. ಪ್ರತಿವಾದಿ ಕೊಡಬಹುದಾದ ನಾಲ್ಕು ಬಗೆಯ ಉತ್ತರಗಳಲ್ಲಿ ಅದೂ ಒಂದು. 1916ರಲ್ಲಿ ಶಿವಪರ್ಸನ್ ಸಿಂಗ್ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಪರವಾಗಿ ತೀರ್ಪು ಬರೆದ ಸರ್ ಲಾರೆನ್ಸ್ ಜೆಂಕಿನ್ಸ್, ಸಂಹಿತೆಯ 11ನೇ ಕಲಮಿನ ನಿಯಮ ಇಂಗ್ಲಿಷ್ ಮೂಲದ್ದು ಮಾತ್ರವಲ್ಲ, ವಿಜ್ಞಾನೇಶ್ವರ ಮತ್ತು ನಿಬಂಧಕಾರ ನೀಲಕಂಠರೂ ಅದನ್ನು ಸ್ಮೃತಿಕಾರ ಕಾತ್ಯಾಯನನ ಆಧಾರದ ಮೇಲೆ ಒಪ್ಪಿದ್ದಾರೆ ಎಂದು ದಾಖಲಿಸಿದರು. ಕಲ್ಯಾಣದಲ್ಲಿ ಬರೆದ ವ್ಯಾಖ್ಯಾನ ಎಂಟು ಶತಮಾನ ದಾಟಿ ಲಂಡನ್ನಿನ ಪೀಠದ ಮುಂದೆ ಆಧಾರವಾಗಿ ನಿಂತಿತು.

ಇಂದಿನ ಮಿತಿಗಳು ನೆಲದ ಮೇಲೆ ಹೇಗೆ ನಡೆಯುತ್ತವೆ ಎಂಬುದಕ್ಕೆ ಬದುವಿನ ಜಗಳದಂಥ ಉದಾಹರಣೆ ಇನ್ನೊಂದಿಲ್ಲ. ರಾಣೆಬೆನ್ನೂರಿನ ಕಡೆಯ ಒಬ್ಬ ರೈತ, ಪಕ್ಕದ ಹೊಲದವನು ತನ್ನ ಮೂರು ಗುಂಟೆ ಒತ್ತಿದ್ದಾನೆಂದು ದಾವೆ ಹಾಕುತ್ತಾನೆ ಎಂದಿಟ್ಟುಕೊಳ್ಳಬಹುದು. ಪಹಣಿ, ಹದ್ದುಬಸ್ತಿನ ನಕ್ಷೆ, ಕೋರ್ಟ್ ಕಮಿಷನರ್ ಆಗಿ ಬಂದ ಸರ್ವೆಯರನ ವರದಿ, ಬದುವಿನ ಮೇಲಿದ್ದ ಬೇವಿನ ಮರ ಯಾರು ನೆಟ್ಟದ್ದೆಂದು ಹೇಳುವ ಇಬ್ಬರು ಸಾಕ್ಷಿಗಳು, ಇಷ್ಟರ ಮೇಲೆ ಸಿವಿಲ್ ನ್ಯಾಯಾಧೀಶರು ತೀರ್ಪು ಕೊಡುತ್ತಾರೆ. ಸೋತವನು, ನಕಲು ಪಡೆಯಲು ಹಿಡಿದ ದಿನಗಳನ್ನು ಕಳೆದು 30 ದಿನಗಳೊಳಗೆ, ಮೇಲಿನ ಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿ ಎಲ್ಲವೂ ಮತ್ತೆ ತೂಗಲ್ಪಡುತ್ತದೆ: ನಕ್ಷೆಯೂ, ವರದಿಯೂ, ಬೇವಿನ ಮರವೂ. ಅಲ್ಲಿಯೂ ಸೋತರೆ 90 ದಿನಗಳೊಳಗೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಎರಡನೆಯ ಮೇಲ್ಮನವಿ. ಅಲ್ಲಿ ಮಾತ್ರ ಲೆಕ್ಕ ಬದಲಾಗುತ್ತದೆ. 1976ರ ತಿದ್ದುಪಡಿಯ ನಂತರ 100ನೇ ಕಲಮಿನಡಿ ಹೈಕೋರ್ಟು ‘ಗಣನೀಯವಾದ ಕಾನೂನು ಪ್ರಶ್ನೆ’ ಇದ್ದರಷ್ಟೇ ಕೇಳಬೇಕು, ಆ ಪ್ರಶ್ನೆಯನ್ನು ಬರೆದು ರೂಪಿಸಿಕೊಂಡೇ ಮುಂದುವರಿಯಬೇಕು. ಮರ ಯಾರದು ಎಂಬುದು ಕಾನೂನಿನ ಪ್ರಶ್ನೆಯಲ್ಲ. ಸಾಕ್ಷಿಯನ್ನು ಪೂರ್ತಿ ಕಡೆಗಣಿಸಿದ್ದರೆ, ದಾಖಲೆಯನ್ನು ಕಾನೂನಿಗೆ ವಿರುದ್ಧವಾಗಿ ಓದಿದ್ದರೆ ಆಗ ಪ್ರಶ್ನೆ ಹುಟ್ಟಬಹುದು. ಇಬ್ಬರು ಸಾಕ್ಷಿಗಳಲ್ಲಿ ಒಬ್ಬನನ್ನು ನಂಬಿದ್ದು ತಪ್ಪಾಯಿತು ಎಂದರೆ ಹುಟ್ಟುವುದಿಲ್ಲ.

ಈ ಗೆರೆ ಎಷ್ಟು ಕಠಿಣ ಎಂಬುದನ್ನು ಪ್ರಿವಿ ಕೌನ್ಸಿಲ್ 1890ರ ದುರ್ಗಾ ಚೌಧುರಾಣಿ ಪ್ರಕರಣದಲ್ಲೇ ಹೇಳಿತ್ತು. ವಾಸ್ತವಾಂಶದ ನಿರ್ಣಯ ಎಷ್ಟೇ ಘೋರವಾಗಿ ತಪ್ಪಿರಲಿ, ಆ ಕಾರಣಕ್ಕೆ ಎರಡನೆಯ ಮೇಲ್ಮನವಿಯನ್ನು ಕೇಳುವ ಅಧಿಕಾರ ಕೋರ್ಟಿಗಿಲ್ಲ. ದೇವರೇ ಕಕ್ಷಿದಾರನಾಗಿದ್ದ ಪಟ್ಟಾಭಿರಾಮಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿ ಹಿಡಿಯಿತು. ಹೀಗಿರುವಾಗ ಎರಡನೆಯ ಮೇಲ್ಮನವಿಯ ಮಿತಿ ಸಮರ್ಥನೀಯವೇ ಎಂಬ ಪ್ರಶ್ನೆಗೆ ಉತ್ತರ ಮೊದಲನೆಯ ಮೇಲ್ಮನವಿಯಲ್ಲಿದೆ. ಸಾಕ್ಷಿ ಕಟಕಟೆಯಲ್ಲಿ ನಿಂತು ತಡವರಿಸಿದ್ದನ್ನು ಕಣ್ಣಾರೆ ಕಂಡವರು ಮೊದಲ ನ್ಯಾಯಾಧೀಶರು ಮಾತ್ರ. ಮೇಲೆ ಹೋದಂತೆ ಕೈಗೆ ಬರುವುದು ಕಾಗದ. ಆದ್ದರಿಂದ ವಾಸ್ತವಾಂಶದ ಮಟ್ಟಿಗೆ ಮೆಟ್ಟಿಲು ಹೆಚ್ಚಿದಷ್ಟೂ ಸತ್ಯ ಹತ್ತಿರವಾಗುತ್ತದೆ ಎಂಬ ನಂಬಿಕೆಗೆ ಆಧಾರ ಕಡಿಮೆ. ಆದರೆ ಒಂದೇ ಒಂದು ಮರುಪರಿಶೀಲನೆ ಪ್ರಾಮಾಣಿಕವಾಗಿ ನಡೆಯಲೇಬೇಕು. 2001ರಲ್ಲಿ ಸಂತೋಷ್ ಹಜಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿದ್ದು ಇದನ್ನೇ. ಮೊದಲ ಮೇಲ್ಮನವಿ ಕೇಳುವ ಕೋರ್ಟು ಪ್ರತಿಯೊಂದು ವಿವಾದಾಂಶಕ್ಕೂ ಮನಸ್ಸಿಟ್ಟು, ಕಾರಣ ಕೊಟ್ಟು ಉತ್ತರಿಸಬೇಕು. ಕೆಳಗಿನ ತೀರ್ಪನ್ನು ಒಪ್ಪಿದ್ದೇವೆ ಎಂಬ ಎರಡು ಸಾಲಿನ ಮಾತು ಬರೆದು ಮೇಲ್ಮನವಿ ವಜಾ ಮಾಡಿದರೆ, ಬದುವಿನ ರೈತನ ಪಾಲಿಗೆ ಎರಡು ಬಾಗಿಲು ಒಟ್ಟಿಗೆ ಮುಚ್ಚಿದಂತೆ. ಮಿತಿ ಆಗ ಅನ್ಯಾಯವಾಗುತ್ತದೆ.

ಹಣದ ಲೆಕ್ಕದಿಂದ ಹಾಕಿದ ಮಿತಿಗಳ ಕಥೆ ಬೇರೆ. 102ನೇ ಕಲಮಿನಂತೆ 25,000 ರೂಪಾಯಿ ಮೀರದ ಹಣ ವಸೂಲಿ ದಾವೆಯಲ್ಲಿ ಎರಡನೆಯ ಮೇಲ್ಮನವಿಯೇ ಇಲ್ಲ. ಸಣ್ಣ ವ್ಯಾಜ್ಯಗಳ ಕೋರ್ಟಿನ ವ್ಯಾಪ್ತಿಗೆ ಬರುವಂಥ, 10,000 ರೂಪಾಯಿ ಮೀರದ ದಾವೆಯಲ್ಲಿ ಮೊದಲ ಮೇಲ್ಮನವಿಯೂ ಕಾನೂನು ಪ್ರಶ್ನೆಗೆ ಮಾತ್ರ ಸೀಮಿತ. ಇದಕ್ಕೆ ಕೊಡುವ ಕಾರಣ ವ್ಯಾವಹಾರಿಕ: ವ್ಯಾಜ್ಯದ ಖರ್ಚು ವ್ಯಾಜ್ಯದ ಮೊತ್ತವನ್ನೇ ನುಂಗಬಾರದು. ಕೋರ್ಟಿಗೆ ಹೋಗಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಹುಟ್ಟಿದ ನಾಡಿನಲ್ಲಿ ಈ ಕಾರಣವನ್ನು ತಳ್ಳಿಹಾಕಲಾಗದು. ಆದರೂ ಇದರಲ್ಲೊಂದು ಒಪ್ಪಲಾಗದ ಅಂಶವಿದೆ. ಕೈಸಾಲವಾಗಿ ಕೊಟ್ಟ 24,000 ರೂಪಾಯಿ ಒಬ್ಬಳು ಕೂಲಿಕಾರ್ತಿಯ ವರ್ಷಗಳ ಉಳಿತಾಯವಾಗಿರಬಹುದು. ಅವಳ ಪ್ರಕರಣದಲ್ಲಿ ಎಷ್ಟೇ ದೊಡ್ಡ ಕಾನೂನು ಪ್ರಶ್ನೆ ಇದ್ದರೂ ಹೈಕೋರ್ಟು ಎರಡನೆಯ ಮೇಲ್ಮನವಿಯಾಗಿ ಅದನ್ನು ಕೇಳುವಂತಿಲ್ಲ. ಕುಮಾರಿಲನ ಅಳತೆಯಲ್ಲಿ ತೀರ್ಪನ್ನು ನಿಲ್ಲಿಸುವುದು ಅದರಲ್ಲಿ ದೋಷ ಕಾಣದಿರುವುದು. ಇಲ್ಲಿ ನಿಲ್ಲಿಸುವುದು ಮೊತ್ತ. ಸುಪ್ರೀಂ ಕೋರ್ಟಿನ ಮಟ್ಟಿಗೆ ಸಂವಿಧಾನ ಈ ತಪ್ಪನ್ನು ತಿದ್ದಿಕೊಂಡಿದೆ. 133ನೇ ವಿಧಿಯಲ್ಲಿದ್ದ 20,000 ರೂಪಾಯಿ ಮೌಲ್ಯದ ಷರತ್ತನ್ನು 30ನೇ ತಿದ್ದುಪಡಿ ತೆಗೆದುಹಾಕಿ, ಸಾರ್ವಜನಿಕ ಮಹತ್ವದ ಗಣನೀಯ ಕಾನೂನು ಪ್ರಶ್ನೆಯನ್ನೇ ಅಳತೆಗೋಲಾಗಿ ಇಟ್ಟಿತು. ಅದೇ ವಿವೇಕ 102ನೇ ಕಲಮಿಗೂ ಇಳಿಯಬೇಕು.

ಮಿತಿಯನ್ನು ನಡುದಾರಿಯಲ್ಲಿ ಬದಲಿಸಬಹುದೇ ಎಂಬ ಪ್ರಶ್ನೆಗೆ 1957ರ ಗರಿಕಪಾಟಿ ವೀರಯ್ಯ ಪ್ರಕರಣ ಉತ್ತರ ಕೊಟ್ಟಿದೆ. ದಾವೆ, ಮೇಲ್ಮನವಿ, ಎರಡನೆಯ ಮೇಲ್ಮನವಿ ಒಂದೇ ಸರಪಳಿಯ ಕೊಂಡಿಗಳು. ದಾವೆ ಹೂಡಿದ ದಿನವೇ ಮೇಲ್ಮನವಿಯ ಹಕ್ಕು ಕಕ್ಷಿದಾರನಿಗೆ ಸೇರುತ್ತದೆ. ಶಾಸನ ಸ್ಪಷ್ಟವಾಗಿ ಅಥವಾ ಅನಿವಾರ್ಯ ಧ್ವನಿಯಿಂದ ಕಸಿದುಕೊಳ್ಳದ ಹೊರತು ಆಮೇಲೆ ಬಂದ ತಿದ್ದುಪಡಿ ಅದನ್ನು ಮುಟ್ಟುವುದಿಲ್ಲ. ಆಟ ಶುರುವಾದ ಮೇಲೆ ನಿಯಮ ಬದಲಿಸಬಾರದೆಂಬ ಸಾಮಾನ್ಯ ನ್ಯಾಯಬುದ್ಧಿ ಇದರ ಹಿಂದಿದೆ.

ಇನ್ನು ಉಳಿದದ್ದು ಗೆದ್ದವನ ಪ್ರಶ್ನೆ. ಮೇಲ್ಮನವಿಯ ದಾರಿ ಮುಗಿದ ಮೇಲೆ, ತಾನು ಗೆದ್ದದ್ದು ತಪ್ಪು ತೀರ್ಪಿನಿಂದ ಎಂದು ಬಲ್ಲವನಿಗೆ ಆ ಹೊಲ ಅಥವಾ ಹಣ ನಿಜಕ್ಕೂ ಸೇರಿದ್ದೇ? ಇದನ್ನು ಅತ್ಯಂತ ಸ್ಪಷ್ಟವಾಗಿ ಎತ್ತಿಕೊಂಡವರು ಇಸ್ಲಾಮಿನ ಧರ್ಮಶಾಸ್ತ್ರಜ್ಞರು. ತಾನೂ ಮನುಷ್ಯ, ವಾದದಲ್ಲಿ ಚತುರನಾದವನ ಪರವಾಗಿ ತೀರ್ಪು ಕೊಟ್ಟುಬಿಡಬಹುದು, ಹಾಗೆ ಸೋದರನ ಪಾಲು ಪಡೆದವನು ಬೆಂಕಿಯ ತುಂಡನ್ನು ಪಡೆದಂತೆ ಎಂಬರ್ಥದ ಪ್ರವಾದಿಯ ಮಾತು ಹದೀಸ್ ಸಂಗ್ರಹಗಳಲ್ಲಿದೆ. ಇದರ ಮೇಲೆ ಬಹುಪಾಲು ವಿದ್ವಾಂಸರು, ಖಾಜಿಯ ತೀರ್ಪು ಹೊರಗಿನ ವ್ಯವಹಾರವನ್ನು ಮಾತ್ರ ಕಟ್ಟಿಹಾಕುತ್ತದೆ, ದೇವರ ಮುಂದೆ ನಿಷಿದ್ಧವಾದದ್ದನ್ನು ಸಮ್ಮತಗೊಳಿಸುವುದಿಲ್ಲ ಎಂದರು. ವಿವಾಹದಂಥ ಕೆಲವು ಕರಾರುಗಳಲ್ಲಿ ತೀರ್ಪು ಒಳಗೂ ಹೊರಗೂ ಜಾರಿಯಾಗುತ್ತದೆ ಎಂದು ಅಬೂ ಹನೀಫಾ ಭಿನ್ನಮತ ತಾಳಿದರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಶೈಬಾನಿಯೇ ಅದನ್ನು ಒಪ್ಪಲಿಲ್ಲ. ತಪ್ಪು ತೀರ್ಪಿನಿಂದ ಗೆದ್ದವನಿಗೂ ದಂಡ ಹಾಕಿದ ಯಾಜ್ಞವಲ್ಕ್ಯನ ನಿಲುವು ಈ ಬಹುಮತಕ್ಕೆ ಹತ್ತಿರ.

ಭಾರತದ ಸಿವಿಲ್ ಕಾನೂನು ಗೆದ್ದವನ ಅಂತರಂಗಕ್ಕೆ ಕೈಹಾಕುವುದಿಲ್ಲ, ಹಾಕಲೂ ಬಾರದು. ಆದರೆ ಅವನಿಗೆ ದಾರಿ ಉಳಿಸಿದೆ. ಡಿಕ್ರಿ ತಾನಾಗಿ ಜಾರಿಯಾಗುವುದಿಲ್ಲ, ಪಡೆದವನೇ ಅಮಲ್ಜಾರಿ ಅರ್ಜಿ ಹಾಕಬೇಕು, ಅದಕ್ಕೆ ಅವಧಿ ಸಾಮಾನ್ಯವಾಗಿ 12 ವರ್ಷ. ಆ ಅವಧಿಯಲ್ಲಿ ಉಭಯ ಪಕ್ಷಗಳು ಹೊರಗೆ ಕೂತು ಬೇರೆ ರೀತಿಯಲ್ಲಿ ಹೊಂದಿಕೊಂಡರೆ, 21ನೇ ಆದೇಶದ 2ನೇ ನಿಯಮದಂತೆ ಕೋರ್ಟು ಅದನ್ನು ದಾಖಲಿಸಿಕೊಂಡು ಡಿಕ್ರಿ ತೀರಿತೆಂದು ಬರೆಯುತ್ತದೆ. ಮೂರು ಗುಂಟೆ ಗೆದ್ದವನು ಒಂದೂವರೆ ಗುಂಟೆಗೆ ಒಪ್ಪಿ ಬದು ಹಾಕಿಸಿದರೆ, ಯಾಕೆಂದು ಕೋರ್ಟು ಕೇಳುವುದಿಲ್ಲ.